ಚುಕ್ಕಿಯ ಕಡತಗಳು

ಗಣಕಯಂತ್ರವನ್ನು ಹಣ ಕೊಟ್ಟು ತಂದವನು ಅದರ ಒಡೆಯನೇ ಎಂದು ಕೇಳಿದರೆ ಕೆಲವರಿಗೆ ನಗು ಬಂದೀತು. ಆದರೆ ಒಂದು ಬೆಳಗ್ಗೆ ಯಂತ್ರವನ್ನು ತೆರೆದಾಗ, ನಿನ್ನೆಯವರೆಗೆ ಎಡಗಡೆಯಲ್ಲಿದ್ದ ಗುಂಡಿ ಬಲಗಡೆಗೆ ಹೋಗಿರುತ್ತದೆ. ಬೇಡವಾದ ಜಾಹೀರಾತೊಂದು ಮೂಲೆಯಲ್ಲಿ ಬಂದು ಕುಳಿತಿರುತ್ತದೆ. ಯಾರನ್ನು ಕೇಳಿ ಹೀಗೆ ಮಾಡಿದಿರೆಂದು ವಿಚಾರಿಸೋಣವೆಂದರೆ ಯಾರೂ ಸಿಕ್ಕುವುದಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ಅಪ್ಪಣೆ ಬೇಡುವ ಬಾಡಿಗೆದಾರನ ಸ್ಥಿತಿ ನಮ್ಮದಾಗಿರುತ್ತದೆ. ಈ ಸ್ಥಿತಿ ಅನಿವಾರ್ಯವಲ್ಲವೆಂಬುದು ನನ್ನ ಅಭಿಪ್ರಾಯ.

೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ರಚಿಸುವ 'ಗ್ನೂ' ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರ್ಷದ ಲಿನಸ್ ಟೊರ್ವಾಲ್ಡ್ಸ್, ಯಂತ್ರದ ಅಂಗಗಳನ್ನು ನಡೆಸುವ 'ಲಿನಕ್ಸ್' ಎಂಬ ತಿರುಳನ್ನು ಪ್ರಕಟಿಸಿದರು. ಪರದೆಯ ಮೇಲೆ ಕಾಣುವ ಕಿಟಕಿ, ಪಟ್ಟಿ, ಚಿತ್ರಗಳನ್ನು ಒದಗಿಸುವ 'ಕೆಡಿಇ' ೧೯೯೬ರಲ್ಲಿಯೂ 'ಗ್ನೋಮ್' ೧೯೯೭ರಲ್ಲಿಯೂ ಆರಂಭವಾದವು. ಇಂತಹವನ್ನು ಮುಕ್ತ ತಂತ್ರಾಂಶವೆನ್ನುವರು.

ಈ ಬಗೆಯ ಯಂತ್ರದಲ್ಲಿ ಬಳಸುವವನ ಇಷ್ಟಾನಿಷ್ಟಗಳು ಬಹುಮಟ್ಟಿಗೆ ಸರಳವಾದ ಬರಹದ ಕಡತಗಳಲ್ಲಿರುತ್ತವೆ. ಅಂತಹ ಕಡತದ ಹೆಸರು ಚುಕ್ಕಿಯಿಂದ ಆರಂಭವಾಗುವುದು ವಾಡಿಕೆ. ಚುಕ್ಕಿಯಿದ್ದರೆ ಕಡತವು ಸಾಮಾನ್ಯ ಪಟ್ಟಿಯಲ್ಲಿ ಕಾಣಿಸದು. ಇದರ ಮೂಲ ಸ್ವಾರಸ್ಯವಾಗಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 'ಯೂನಿಕ್ಸ್' ರೂಪುಗೊಳ್ಳುತ್ತಿದ್ದಾಗ, 'ಈ ಕೋಶ', 'ಮೇಲಿನ ಕೋಶ' ಎಂಬುದನ್ನು ಸೂಚಿಸುವ ಒಂಟಿಚುಕ್ಕಿ, ಜೋಡಿಚುಕ್ಕಿಗಳ ಹೆಸರುಗಳನ್ನು ಮಾತ್ರ ಪಟ್ಟಿಯಿಂದ ಬಿಡಬೇಕಾಗಿತ್ತು. ಸುಲಭದ ದಾರಿ ಹಿಡಿದವರು ಚುಕ್ಕಿಯಿಂದ ಆರಂಭವಾಗುವ ಎಲ್ಲವನ್ನೂ ಬಿಟ್ಟುಬಿಟ್ಟರೆಂದು, ಅಲ್ಲಿಯೇ ದುಡಿದ ರಾಬ್ ಪೈಕ್ ಬರೆದಿದ್ದಾರೆ. ಅವಸರದಲ್ಲಿ ಬರೆದ ಒಂದು ಸಾಲು ಸಂಪ್ರದಾಯವಾಗಿ ನಿಂತಿತು. ಸಂಪ್ರದಾಯಗಳು ಅನೇಕ ವೇಳೆ ಹುಟ್ಟುವುದೇ ಹೀಗೆ!

ಇಂತಹ ಕಡತದಲ್ಲಿ ನಾವೇ ಒಂದು ಸಾಲು ಬರೆದರೆ ಆಗುವ ಪ್ರಯೋಜನಕ್ಕೆ ಕನ್ನಡದ್ದೇ ನಿದರ್ಶನವನ್ನು ಕೊಡಬಹುದು. ಕೀಲಿಮಣೆಯ ಎಡ ಅಂಚಿನಲ್ಲಿ 'ಕ್ಯಾಪ್ಸ್ ಲಾಕ್' ಎಂಬ ಕೀಲಿಯಿದೆ. ಅದು ಇಂಗ್ಲಿಷಿನ ದೊಡ್ಡಕ್ಷರಗಳಿಗಾಗಿ ಇರುವಂತಹದು. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವೇ ಇಲ್ಲ. ಬೆರಳಿಗೆ ಅಷ್ಟು ಹತ್ತಿರದ ಕೀಲಿ ಕನ್ನಡ ಬರೆಯುವವನ ಪಾಲಿಗೆ ಬಹುತೇಕ ನಿರುಪಯುಕ್ತ. ಇತ್ತ ಭಾಷೆಯನ್ನು ಬದಲಿಸಬೇಕಾದರೆ ಎರಡು ಕೀಲಿಗಳನ್ನು ಕೂಡಿಸಿ ಒತ್ತುವ ಕಷ್ಟ. ಲಿನಕ್ಸಿನಲ್ಲಿ ಪರದೆಯನ್ನು ನಡೆಸುವ 'ಎಕ್ಸ್' ವ್ಯವಸ್ಥೆ ಆರಂಭವಾಗುವಾಗ ಓದುವ ಕಡತದಲ್ಲಿ ಒಂದೇ ಸಾಲು ಬರೆದರೆ ಸಾಕು: ಮೊದಲನೆಯದು ಇಂಗ್ಲಿಷ್ ವಿನ್ಯಾಸ, ಎರಡನೆಯದು ಕನ್ನಡದ 'ಕಗಪ' ವಿನ್ಯಾಸ, ಬದಲಿಸುವ ಕೀಲಿ ಕ್ಯಾಪ್ಸ್ ಲಾಕ್. ಎಕ್ಸ್‌ನ ಸ್ಥಾನಕ್ಕೆ ಬರುತ್ತಿರುವ 'ವೇಲ್ಯಾಂಡ್' ಪರದೆಗಳಲ್ಲಿಯೂ ಇದೇ ಮಾತನ್ನು ಬೇರೊಂದೆಡೆಯಲ್ಲಿ ಹೇಳಬಹುದು.

ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿ ಕೀಲಿಮಣೆಯೇ ಈ ಕಗಪ ವಿನ್ಯಾಸದ ಮೂಲ. ಇಂಗ್ಲಿಷಿನ 'ಕೆ' ಒತ್ತಿದರೆ 'ಕ', 'ಶಿಫ್ಟ್' ಹಿಡಿದು ಒತ್ತಿದರೆ 'ಖ'. ಲಿನಕ್ಸಿನಲ್ಲಿ ಈ ವಿನ್ಯಾಸವೂ ಒಂದು ಬರಹದ ಕಡತವೇ. ಯಾವ ಕೀಲಿಗೆ ಯಾವ ಅಕ್ಷರವೆಂದು ಸಾಲುಸಾಲಾಗಿ ಅದರಲ್ಲಿ ಬರೆದಿದೆ. ತಮಿಳು, ಬಂಗಾಳಿ, ಗುರುಮುಖಿಗಳೂ ಅದೇ ಕಡತದಲ್ಲಿ ನೆರೆಹೊರೆಯವರಂತೆ ಇವೆ. ಕನ್ನಡಕ್ಕೆ ಮಾರುಕಟ್ಟೆ ಎಷ್ಟಿದೆಯೆಂದು ಯಾವ ವ್ಯಾಪಾರಿಯೂ ಲೆಕ್ಕ ಹಾಕುವವರೆಗೆ ಕಾಯಬೇಕಾಗಿಲ್ಲ. ಬೇಕೆನಿಸಿದವರು ಬರೆದು ಸೇರಿಸಬಹುದು. ಕನ್ನಡದಂತಹ ಭಾಷೆಗೆ ಇದು ಸಣ್ಣ ಸಂಗತಿಯಲ್ಲ.

ಈಗ ಒಂದು ಆಕ್ಷೇಪಣೆ. ಬಣ್ಣ ಬದಲಿಸುತ್ತ, ಅಕ್ಷರದ ಗಾತ್ರ ತಿದ್ದುತ್ತ, ದಿನಗಟ್ಟಲೆ ಕಡತಗಳೊಡನೆ ಆಡುತ್ತ ಕುಳಿತರೆ ಕೆಲಸ ಮಾಡುವುದು ಯಾವಾಗ? ಲೇಖನಿಯನ್ನು ಚೂಪು ಮಾಡುವುದರಲ್ಲಿಯೇ ಪರೀಕ್ಷೆಯ ಕಾಲ ಕಳೆಯುವ ವಿದ್ಯಾರ್ಥಿಗಳಿಲ್ಲವೆ? ಆಕ್ಷೇಪಣೆಯಲ್ಲಿ ತಿರುಳಿದೆ. ಸಿದ್ಧವಾಗಿ ಬಂದ ಪರದೆಯೇ ಸಾಕೆನ್ನುವವರ ಮೇಲೆ ನನಗೆ ತಕರಾರಿಲ್ಲ. ಆದರೆ ಈ ಆಟದಿಂದ ದೊರೆಯುವುದು ಬರಿಯ ಅಲಂಕಾರವಲ್ಲ. ಯಂತ್ರವು ಹೇಳಿದ್ದನ್ನು ಮಾತ್ರ, ಹೇಳಿದಂತೆಯೇ ಮಾಡುತ್ತದೆಂಬ ತಿಳಿವಳಿಕೆ. ಒಂದು ಆವರಣಚಿಹ್ನೆ ತಪ್ಪಿದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಶುದ್ಧ ಬರವಣಿಗೆಗೆ ಇದಕ್ಕಿಂತ ಕಟ್ಟುನಿಟ್ಟಾದ ಉಪಾಧ್ಯಾಯರು ದುರ್ಲಭ.

ಆದುದರಿಂದ ಇತರರ ಕಡತವನ್ನು ಇಡಿಯಾಗಿ ನಕಲು ಮಾಡಿಕೊಳ್ಳುವುದನ್ನು ನಾನು ಒಪ್ಪಲಾರೆ. ನೂರಾರು ಸಾಲುಗಳು ಬಂದು ಸೇರುತ್ತವೆ. ಯಾವುದು ಏತಕ್ಕೆಂದು ತಿಳಿಯದು. ಒಡೆಯರು ಬದಲಾಗಿ ಬಾಡಿಗೆ ಮಾತ್ರ ಉಳಿದಂತಾಗುತ್ತದೆ. ನೀವು ಐದೇ ಸಾಲಿನಿಂದ ತೊಡಗಿರಿ. ಅನೇಕ ಕಡತಗಳಲ್ಲಿ, ಅಡ್ಡಗೆರೆಗಳೆರಡು ಲಂಬಗೆರೆಗಳೆರಡು ಕೂಡಿದ ಗುರುತಿನಿಂದ ಆರಂಭವಾಗುವ ಸಾಲನ್ನು ಯಂತ್ರ ಓದದೆ ಬಿಡುತ್ತದೆ. ಅದು ಮನುಷ್ಯರಿಗಾಗಿ ಮೀಸಲಾದ ಜಾಗ. ಓಲೆಗರಿಯ ಅಂಚಿನಲ್ಲಿ ಟಿಪ್ಪಣಿ ಬರೆದವರಂತೆ ನೀವೂ ಅಲ್ಲಿ, ಕನ್ನಡದಲ್ಲಿಯೇ, ಈ ಬದಲಾವಣೆ ಏಕೆ ಮಾಡಿದಿರೆಂದು ಬರೆದಿಡಬಹುದು. ಆರು ತಿಂಗಳ ತರುವಾಯ ಅದರ ಬೆಲೆ ತಿಳಿಯುತ್ತದೆ. ತಿದ್ದುವ ಮೊದಲು ಹಳೆಯ ಪ್ರತಿಯೊಂದನ್ನು ತೆಗೆದಿರಿಸಬೇಕು. ಟೊರ್ವಾಲ್ಡ್ಸ್ ಅವರೇ ೨೦೦೫ರಲ್ಲಿ ರಚಿಸಿದ 'ಗಿಟ್' ಎಂಬ ತಂತ್ರಾಂಶದಿಂದ, ಯಾವ ದಿನ ಯಾವ ಸಾಲು ಬದಲಾಯಿತೆಂಬ ದಾಖಲೆಯನ್ನೂ ಇಡಬಹುದು. ಇಂತಹ ಕಡತಗಳನ್ನು ಎಲ್ಲರಿಗೂ ಕಾಣುವಂತೆ ಹಂಚುವ ಸತ್ಪದ್ಧತಿಯೂ ಇದೆ. ಹಂಚುವವರು ಗುಪ್ತಪದಗಳನ್ನು ಮಾತ್ರ ಬೇರೊಂದು ಕಡತದಲ್ಲಿರಿಸಿ, ಅದನ್ನು ಮನೆಯಲ್ಲಿಯೇ ಉಳಿಸಿಕೊಳ್ಳಬೇಕು.