ಅದಿರಿನ ಟಿಪ್ಪರುಗಳೂ ಮುಚ್ಚಿದ ಕವಾಟವೂ

ಗಣಿಲಾರಿ ಎಂದೊಡನೆ ಬಳ್ಳಾರಿ ಸೀಮೆಯವರ ಕಣ್ಣಮುಂದೆ ನಿಲ್ಲುವುದು ಕೆಂಧೂಳು. ಸಂಡೂರಿನ ಬೆಟ್ಟಗಳಿಂದ ಅದಿರು ಹೊತ್ತು ಇಳಿಯುವ ಟಿಪ್ಪರುಗಳು ಹಾದಿಬದಿಯ ಮರ, ಮನೆ, ಹೊಲಗಳಿಗೆ ಬಳಿದ ಆ ಬಣ್ಣವನ್ನು 2011ರ ಲೋಕಾಯುಕ್ತ ವರದಿಯ ಕಾಲಕ್ಕೆ ನಾಡೆಲ್ಲ ಕಂಡಿತು. ಅದೇ ಟಿಪ್ಪರಿನ ಹೊಗೆಕೊಳವೆಯಿಂದ ಹೊರಡುವ ನೈಟ್ರೋಜನ್ ಆಕ್ಸೈಡುಗಳು ಹೀಗೆ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಬೆಟ್ಟದ ಹಳ್ಳಿಗಳಲ್ಲಾಗಲಿ, ನಗರದ ಪಾರ್ವತಿನಗರದಲ್ಲಾಗಲಿ ಅವುಗಳ ಮಾತು ವಿರಳ.

ಈ ಅನಿಲವನ್ನು ತಗ್ಗಿಸಲೆಂದೇ ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಇಜಿಆರ್ ಎಂಬ ಏರ್ಪಾಡಿದೆ. ಹೊರಹೋಗುವ ಹೊಗೆಯ ಒಂದು ಪಾಲನ್ನು ಅದು ತಂಪುಗೊಳಿಸಿ, ಕವಾಟದ ಮೂಲಕ ಮರಳಿ ಎಂಜಿನ್ನಿಗೆ ಕಳುಹಿಸುತ್ತದೆ. ಆಗ ದಹನದ ಶಾಖ ಇಳಿಯುತ್ತದೆ. ಅತಿಶಾಖದಲ್ಲಿ ಮಾತ್ರ ಹೆಚ್ಚಾಗಿ ಹುಟ್ಟುವ ಈ ಅನಿಲವೂ ಕಡಿಮೆಯಾಗುತ್ತದೆ. ಆದರೆ ಹೊಗೆಯೊಡನೆ ಮಸಿಯೂ ಮರಳುವುದರಿಂದ ಕವಾಟ ಕಟ್ಟಿಕೊಳ್ಳುತ್ತದೆ. ತೂಕದ ಕಟ್ಟೆಯ ಮುಂದೆ ಗಂಟೆಗಟ್ಟಲೆ ಎಂಜಿನ್ ಆರಿಸದೆ ನಿಲ್ಲುವ ಗಾಡಿಗೆ ಈ ಕಾಟ ಹೆಚ್ಚು. ಸಾಲದ ಕಂತು ತಲೆಯ ಮೇಲಿರುವ ಮಾಲೀಕನಿಗೆ ಹೊಸ ಕವಾಟ, ಹೊಸ ಕೂಲರ್ ಎಂದರೆ ದೊಡ್ಡ ಖರ್ಚು. ಕವಾಟದ ದಾರಿಗೆ ಒಂದು ತಗಡು ಬಡಿದು, ಎಂಜಿನ್ನಿನ ಗಣಕದಲ್ಲಿ ಲೆಕ್ಕ ತಿದ್ದಿಸುವುದು ಅಗ್ಗ. ಅವನ ಸಂಕಟ ಸುಳ್ಳಲ್ಲ.

ಇಂಥ ಬಿಡಿಭಾಗಗಳನ್ನು ಮಾರುವವರು ಹಚ್ಚುವ ಚೀಟಿ ಒಂದೇ: ‘ರಸ್ತೆಯಾಚೆಯ ಬಳಕೆಗೆ ಮಾತ್ರ’. ಅಮೆರಿಕದಲ್ಲಿ ಈ ಚೀಟಿಯ ಮರೆಯಲ್ಲಿ ನಡೆದದ್ದೇನು? ಹತ್ತು ವರ್ಷಗಳಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣವನ್ನು ಕಿತ್ತುಹಾಕಲಾಗಿದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ 2020ರಲ್ಲಿ ಅಂದಾಜಿಸಿತು. ನಮ್ಮ ಟಿಪ್ಪರಂತೂ ಬೆಳಗ್ಗೆ ಗಣಿಯೊಳಗೆ, ಮಧ್ಯಾಹ್ನ ಹೆದ್ದಾರಿಯಲ್ಲಿ. ಅದು ನೋಂದಾಯಿತ ವಾಹನ. ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ಇಂಥ ಮಾರ್ಪಾಡಿಗೆ ಅವಕಾಶ ಕೊಡುವುದಿಲ್ಲ. 2019ರ ತಿದ್ದುಪಡಿಯು ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಿದೆ. ಗಣಿಯ ಗಡಿ ದಾಟದ ಡಂಪರುಗಳ ಮಾತೇನು ಎಂದು ಕೇಳುವವರಿದ್ದಾರೆ. ಗಣಿ ಗುತ್ತಿಗೆಯ ಗಡಿಕಲ್ಲು ಗಾಳಿಗೆ ಕಾಣುವುದೇ? ಚಳಿಗಾಲದ ರಾತ್ರಿ ಬೆಟ್ಟದ ತಣ್ಣನೆಯ ಗಾಳಿ ಕಣಿವೆಗಿಳಿದು ನಿಲ್ಲುತ್ತದೆ, ಹಳ್ಳಿಗಳಿರುವುದೂ ಅಲ್ಲಿಯೇ. ಹಗಲಾದರೆ ಇದೇ ಅನಿಲ ಬಿಸಿಲಿನಲ್ಲಿ ಓಝೋನ್ ಹುಟ್ಟಲು ಕಾರಣವಾಗುತ್ತದೆ. ನೆಲಮಟ್ಟದ ಓಝೋನ್ ಎದೆಯನ್ನಷ್ಟೇ ಅಲ್ಲ, ಭತ್ತದ ಇಳುವರಿಯನ್ನೂ ಕೆಡಿಸಬಲ್ಲದು. ಸಿರುಗುಪ್ಪದ ಗದ್ದೆಯ ರೈತನಿಗೂ ಇದು ಹೊರಗಿನ ಸಂಗತಿಯಲ್ಲ.

ಇನ್ನು ತಪಾಸಣೆ. ಡೀಸೆಲ್ ವಾಹನದ ಮಾಲಿನ್ಯ ಪ್ರಮಾಣಪತ್ರಕ್ಕೆ ಅಳೆಯುವುದು ಹೊಗೆಯ ದಟ್ಟಣೆಯನ್ನು, ನೈಟ್ರೋಜನ್ ಆಕ್ಸೈಡನ್ನಲ್ಲ. ಇಜಿಆರ್ ಮುಚ್ಚಿದ ಗಾಡಿಯ ಮಸಿ ಕೊಂಚ ಇಳಿಯಲೂಬಹುದು. ಅರ್ಥಾತ್ ಹೆಚ್ಚು ವಿಷ ಕಾರುವ ಗಾಡಿಯೇ ಪರೀಕ್ಷೆಯಲ್ಲಿ ಇನ್ನಷ್ಟು ಸಲೀಸಾಗಿ ತೇರ್ಗಡೆಯಾಗುತ್ತದೆ! ಇದಕ್ಕಿಂತ ವಿಚಿತ್ರವಾದ ವ್ಯವಸ್ಥೆಯನ್ನು ಕಲ್ಪಿಸುವುದು ಕಷ್ಟ.

ಆದ್ದರಿಂದ ದಂಡವನ್ನು ಚಾಲಕನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಗ್ಯಾರೇಜಿನಲ್ಲಿ ಆಯ್ಕೆ ಮಾಡುವಾಗ ಕವಾಟವನ್ನು ಬಿಚ್ಚಿ ಶುಚಿಮಾಡುವುದು, ಸೋರುವ ಕೂಲರನ್ನು ಬದಲಿಸುವುದು, ಗಾಳಿಯ ಫಿಲ್ಟರನ್ನು ಕಾಲಕಾಲಕ್ಕೆ ಹೊಸದಾಗಿಸುವುದು ಮಾಲೀಕನ ಕೈಲಿದೆ. ಈ ಖರ್ಚು ಹುಟ್ಟುವಂತೆ ಬಾಡಿಗೆ ದರವನ್ನು ಕೊಡಬೇಕಾದವರು ಅದಿರಿನ ಲಾಭ ಉಣ್ಣುವವರು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟಿನ ಆದೇಶಗಳ ಫಲವಾಗಿ ಕೂಡಿಟ್ಟ ಹಣವಿದೆ, ಅದನ್ನು ವಿನಿಯೋಗಿಸಲು ನಿಗಮವೂ ಇದೆ. ಆ ಹಣದಲ್ಲಿ ತೂಕದ ಕಟ್ಟೆಗಳ ಬಳಿ ನೈಟ್ರೋಜನ್ ಆಕ್ಸೈಡ್ ಅಳೆಯುವ ಯಂತ್ರ ಇಡಿ ಎಂದು ಸಂಡೂರಿನ ಗ್ರಾಮಸಭೆಗಳು ಠರಾವು ಮಾಡಲು ಯಾವ ಅಡ್ಡಿಯೂ ಇಲ್ಲ. ಅಲ್ಲಿ ಸಾಲು ನಿಂತ ಗಾಡಿಗಳ ಎಂಜಿನ್ ಆರಿಸುವ ನಿಯಮಕ್ಕಂತೂ ಯಂತ್ರವೂ ಬೇಡ, ಹಣವೂ ಬೇಡ.