ಅಂಗಡಿಯ ಹಣೆಬರಹ

ಕಳೆದ ನವೆಂಬರಿನಲ್ಲಿ ನಮ್ಮ ಕಾಲೇಜಿನ ಹೆಬ್ಬಾಗಿಲಿಗೆ ಹತ್ತಡಿ ಅಗಲದ ಒಂದು ಬ್ಯಾನರು ಏರಿತು. ‘ಕನ್ನಡ ರಾಜ್ಯೋತ್ಸವದ ಹಾರ್ಧಿಕ ಶುಭಾಷಯಗಳು’ ಎಂದು ಅದರ ಒಕ್ಕಣೆ. ಹೃದಯದಿಂದ ಬಂದದ್ದು ಹಾರ್ದಿಕ. ಹೃದಯದ ‘ದ’ಕಾರಕ್ಕೆ ಇಲ್ಲದ ಹೊಟ್ಟೆಸೀಳು ಇದಕ್ಕೆ ಎಲ್ಲಿಂದ ಬಂತು? ಆಶಯದೊಳಗೆ ಷಕಾರ ಹೇಗೆ ನುಸುಳಿತು? ನಮ್ಮ ವಿಭಾಗದಲ್ಲಿ ಕನ್ನಡ ಎಂ.ಎ. ಮಾಡಿದವರು ನಾವು ನಾಲ್ವರಿದ್ದೇವೆ. ನಾಲ್ವರೂ ದಿನವೂ ಅದರ ಕೆಳಗೆ ನಡೆದು ಒಳಗೆ ಹೋದೆವು. ಮೂರನೆಯ ದಿನ ಪ್ರಥಮ ವರ್ಷದ ಒಬ್ಬ ಹುಡುಗಿ ಬಂದು, “ಸಾರ್, ಅದು ತಪ್ಪಲ್ವಾ?” ಎಂದು ಕೇಳಿದಳು. “ಫ್ಲೆಕ್ಸಿನವನು ಹಾಗೆ ಮಾಡಿಬಿಟ್ಟಿದ್ದಾನಮ್ಮ” ಎಂದೆ. ಇಪ್ಪತ್ತು ವರ್ಷ ಕನ್ನಡದ ಅನ್ನ ತಿಂದವನು ಕೊಡಬಹುದಾದ ಉತ್ತರವೆ ಇದು?

ಆ ನಾಚಿಕೆಯಿಂದ ಹುಟ್ಟಿದ್ದು ಈ ಬರಹ. ಅಂಗಡಿಯ ಬೋರ್ಡು, ಬ್ಯಾನರು ಇವೆಲ್ಲ ಸಾಹಿತ್ಯದ ಪುರವಣಿಯಲ್ಲಿ ಚರ್ಚಿಸುವ ಸಂಗತಿಗಳೆ ಎಂದು ಹುಬ್ಬೇರಿಸುವ ಮಹನೀಯರು ಉಂಟು. ಅವರಲ್ಲಿ ನನ್ನ ವಿನಂತಿ ಇಷ್ಟೆ: ಒಂದು ದಿನ ಮನೆಯಿಂದ ಕಚೇರಿಗೆ ಹೋಗುವಾಗ ನಿಮ್ಮ ಕಣ್ಣಿಗೆ ಬಿದ್ದ ಕನ್ನಡವೆಷ್ಟು, ಅದರಲ್ಲಿ ಪುಸ್ತಕದ್ದೆಷ್ಟು, ಬೋರ್ಡಿನದೆಷ್ಟು ಎಂದು ಲೆಕ್ಕ ಹಾಕಿ ನೋಡಿ. ಅಕ್ಷರ ಕಲಿತ ಮಗು ಬಸ್ಸಿನ ಕಿಟಕಿಯಲ್ಲಿ ಕೂತು ಮೊದಲು ಓದುವುದು ಕುಮಾರವ್ಯಾಸನನ್ನಲ್ಲ, ಬೇಕರಿಯ ಹೆಸರನ್ನು.

ಬೋರ್ಡಿನ ವಿಷಯದಲ್ಲಿ ಕನ್ನಡಿಗರು ಸುಮ್ಮನಿಲ್ಲವಲ್ಲ ಎನ್ನಬಹುದು. ನಿಜ. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಇಂಗ್ಲಿಷ್ ಬೋರ್ಡುಗಳು ಪುಡಿಯಾದವು. ಅಂದಿನ ಮಹಾನಗರ ಪಾಲಿಕೆ 2024ರ ಫೆಬ್ರವರಿ 28ರ ಗಡುವು ಕೊಟ್ಟಿತು. ಅದೇ ಫೆಬ್ರವರಿಯಲ್ಲಿ ವಿಧಾನಮಂಡಲ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ತಿದ್ದುಪಡಿ ತಂದು, ಫಲಕದ ಶೇಕಡಾ 60 ಭಾಗ ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂದು ವಿಧಿಸಿತು. ಈ ಕಾನೂನು ಬೇಡವೆಂದು ನಾನು ಹೇಳುವವನಲ್ಲ. ಈ ನೆಲದಲ್ಲಿ ವ್ಯಾಪಾರ ಮಾಡುವವನು ಈ ನೆಲದ ಜನಕ್ಕೆ ಓದಲು ಬರುವ ಲಿಪಿಯಲ್ಲಿ ತನ್ನ ಹೆಸರು ಹೇಳಿಕೊಳ್ಳಬೇಕೆನ್ನುವುದು ದಬ್ಬಾಳಿಕೆಯಲ್ಲ, ಸಾಮಾನ್ಯ ಮರ್ಯಾದೆ. ನನ್ನ ತಕರಾರು ಬೇರೆಯದು. ನಾವು ಅಳತೆಪಟ್ಟಿ ಹಿಡಿದು ನಿಂತೆವು, ಕಣ್ಣು ಬಿಟ್ಟು ನೋಡಲಿಲ್ಲ.

ಮೂರಡಿ ಎತ್ತರದ ಬೋರ್ಡು ಒಂದಿದೆ ಎನ್ನಿ. ಅರವತ್ತು ಭಾಗವೆಂದರೆ ಸುಮಾರು ಇಪ್ಪತ್ತೆರಡು ಇಂಚು ಕನ್ನಡಕ್ಕೆ, ಉಳಿದ ಹದಿನಾಲ್ಕು ಇಂಚು ಇಂಗ್ಲಿಷಿಗೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಕೊಟ್ಟ ಪಟ್ಟಿಯನ್ನು ಇಟ್ಟಿಗೆಯ ಸಾಲಿನಂತೆ ತುಂಬಿ ನಿಲ್ಲುತ್ತವೆ. ಅಂಚಿಗಿಷ್ಟು ಬಿಟ್ಟರೂ ಹತ್ತಿಂಚಿನ ಅಕ್ಷರ ಸಲೀಸಾಗಿ ಕೂರುತ್ತದೆ. ಕನ್ನಡದ ಸಂಸಾರ ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು, ಒಮ್ಮೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ಎರಡು ಅಂತಸ್ತಿನ ನೆಲಮಾಳಿಗೆ ಬೇಕು. ಇವಕ್ಕೆಲ್ಲ ಜಾಗ ಕೊಟ್ಟ ಮೇಲೆ ಇಪ್ಪತ್ತೆರಡು ಇಂಚಿನಲ್ಲಿ ಅಕ್ಷರದ ಮೈಗೆ ಉಳಿಯುವುದು ಹತ್ತು-ಹನ್ನೆರಡು ಇಂಚು. ಹೆಸರು ಉದ್ದವೆಂದು ಎರಡು ಸಾಲು ಮಾಡಿದರಂತೂ ಐದೇ ಇಂಚು. ಅಳತೆಪಟ್ಟಿಯ ಪ್ರಕಾರ ಕನ್ನಡ ಗೆದ್ದಿದೆ. ಎದುರು ಫುಟ್‌ಪಾತಿನಲ್ಲಿ ನಿಂತವನ ಕಣ್ಣಿಗೆ ಕಾಣುವುದು ಇಂಗ್ಲಿಷು. ಸಾಲದ್ದಕ್ಕೆ, ಕಾನೂನಿಗಾಗಿ ಮಾತ್ರ ಕನ್ನಡ ಬರೆಸುವವರು ಕಡ್ಡಿಯಂಥ ತೆಳು ಅಕ್ಷರವನ್ನು ಆರಿಸಿ, ಅದನ್ನು ರಬ್ಬರಿನಂತೆ ಅಡ್ಡಕ್ಕೆ ಎಳೆದು ಜಾಗ ತುಂಬಿಸುತ್ತಾರೆ. ಎಳೆದ ಅಕ್ಷರದಲ್ಲಿ ‘ಪ’ ಯಾವುದು, ‘ಷ’ ಯಾವುದು ಎಂದು ಹೇಳಬಲ್ಲವನೇ ಜಾಣ.

ಇನ್ನು ಬರೆದಿರುವುದೇನು ಎಂದು ನೋಡೋಣ. ‘ದಿ ಅರ್ಬನ್ ಲೂಮ್ ಎಥ್ನಿಕ್ ವೇರ್ ಹಬ್’ ಎಂಬಂಥ ಮಾತನ್ನು ಕನ್ನಡ ಲಿಪಿಯಲ್ಲಿ ಅರವತ್ತು ಭಾಗ ಬರೆದರೆ ಯಾರಿಗೆ ಉಪಯೋಗ? ಇಂಗ್ಲಿಷ್ ಬಲ್ಲವನು ಕೆಳಗಿನ ಸಾಲನ್ನು ಓದಿಕೊಳ್ಳುತ್ತಾನೆ. ಬಾರದವನಿಗೆ ಮೇಲಿನ ಸಾಲು ಓದಲು ಬಂದರೂ ಅಲ್ಲಿ ಸೀರೆ ಸಿಗುತ್ತದೆಂದು ತಿಳಿಯುವುದಿಲ್ಲ. ಹಾಗೆಂದು ‘ಬೇಕರಿ’ಯನ್ನು ಕಿತ್ತು ಇನ್ನೇನೋ ಸಂಸ್ಕೃತ ಸಮಾಸ ತಂದಿಡಿ ಎನ್ನುವ ನನ್ನ ಸಹೋದ್ಯೋಗಿಗಳ ಪಂಗಡಕ್ಕೂ ನಾನು ಸೇರಿದವನಲ್ಲ. ಬೇಕರಿ, ಹೋಟೆಲು, ಸೈಕಲ್ಲು, ಇವು ನಮ್ಮ ಮನೆಯ ಮಾತುಗಳಾಗಿ ಎಷ್ಟೋ ಕಾಲವಾಯಿತು. ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ಹೋಟೆಲಿಗೆ ‘ವಿದ್ಯಾರ್ಥಿ ಭವನ’ ಎಂದು ಹೆಸರಿಟ್ಟರು. ಯಾರು ಬರಬೇಕೆಂಬುದು ಹೆಸರಿನಲ್ಲೇ ಇತ್ತು. ಹಾಲಿನ ಮಹಾಮಂಡಲಿಯವರು ‘ನಂದಿನಿ’ ಎಂದರು. ಮೂರೇ ಅಕ್ಷರ, ಒಂದೂ ಒತ್ತಿಲ್ಲ, ಅರ್ಥದಲ್ಲಿ ಹಸು. ಇದಕ್ಕಿಂತ ಒಳ್ಳೆಯ ವ್ಯಾಪಾರದ ಹೆಸರು ಇಂಗ್ಲಿಷಿನಲ್ಲಿದ್ದರೆ ಯಾರಾದರೂ ನನಗೆ ತೋರಿಸಲಿ.

ಬ್ಯಾನರಿನ ಕಥೆ ಬೋರ್ಡಿಗಿಂತ ಕರುಣಾಜನಕ. 2018ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯ ಕೆಂಡವಾದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸುಗಳನ್ನು ರಾಶಿ ರಾಶಿಯಾಗಿ ಕಿತ್ತರು. 2022ರ ಜುಲೈ 1ರಿಂದ ನೂರು ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರು ದೇಶದಾದ್ಯಂತ ನಿಷಿದ್ಧವಾಯಿತು. ಅದು ಹೋಯಿತೆ? ಹುಟ್ಟುಹಬ್ಬಕ್ಕೂ ತಿಥಿಗೂ ಬಾಡೂಟಕ್ಕೂ ಅದೇ ಫ್ಲೆಕ್ಸು. ಅದನ್ನು ಜೋಡಿಸುವ ಹುಡುಗ ಕನ್ನಡದ ಶತ್ರುವಲ್ಲ. ಅವನ ಕಂಪ್ಯೂಟರಿನ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ಏರ್ಪಾಡನ್ನು ಆರಿಸಿಕೊಳ್ಳದಿದ್ದರೆ ‘ಮಂತ್ರ’ ಹೋಗಿ ‘ಮಂತ್‌ರ’ ಆಗುತ್ತದೆ. ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ‘ಬಾಲೂ ತಮ್ಮ’ದಂಥ ದಪ್ಪನೆಯ, ದೂರಕ್ಕೆ ಕಾಣುವ ಯೂನಿಕೋಡ್ ಅಕ್ಷರವಿನ್ಯಾಸ ಪುಕ್ಕಟೆಯಾಗಿ ಸಿಗುತ್ತದೆಂಬುದೂ ಅವನಿಗೆ ಗೊತ್ತಿಲ್ಲ. ಛಂದಸ್ಸಿನಲ್ಲಿ ಗುರುಲಘು ಹಾಕಿಸುವ ನಾವು ಅವನ ಅಂಗಡಿಯ ಮೆಟ್ಟಿಲು ಹತ್ತಿದ್ದೇವೆಯೆ?

ನಾನು ಹತ್ತಿದ್ದು ತೀರ ಈಚೆಗೆ, ಅದೂ ಗತಿಯಿಲ್ಲದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಲ ಮಾಡಿ ಎಣ್ಣೆಗಾಣ ಹಾಕಿದ. ಮರದ ಗಾಣ, ಕಡಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು ಎಲ್ಲ ಕಣ್ಣೆದುರೇ ಅರೆದುಕೊಡುತ್ತಾನೆ. ಅಂಗಡಿ ನೋಡಿ ಬರೋಣವೆಂದು ಹೋದರೆ ಎರಡು ಸಲ ಅದರ ಮುಂದೆಯೇ ದಾಟಿ ಹೋದೆ. ಹನ್ನೆರಡಡಿಯ ಫ್ಲೆಕ್ಸು, ‘ಪ್ಯೂರ್ ಡ್ರಾಪ್ಸ್ ಕೋಲ್ಡ್ ಪ್ರೆಸ್ಡ್ ನ್ಯಾಚುರಲ್ಸ್’ ಎಂಬ ಹೆಸರು, ಕನ್ನಡದಲ್ಲೇ. ಒಂದು ಮೂಲೆಯಲ್ಲಿ ದೇವರು, ಇನ್ನೊಂದು ಮೂಲೆಯಲ್ಲಿ ಇವನು ಕೈಮುಗಿದು ನಿಂತ ಭಾವಚಿತ್ರ, ನಡುವೆ ನೀಲಿಯ ಮೇಲೆ ಕೆಂಪಕ್ಷರ, ಹದಿನಾಲ್ಕು ಪದಾರ್ಥಗಳ ಪಟ್ಟಿ, ಎರಡು ಫೋನ್ ನಂಬರು.

“ವ್ಯಾಪಾರ ಹೇಗಪ್ಪಾ?”

“ಏನ್ ಹೇಳ್ಲಿ ಸಾರ್, ಮೊನ್ನೆ ಒಬ್ಬ ಅಜ್ಜಿ ಬಂದು ಮೊಬೈಲ್ ರಿಪೇರಿ ಮಾಡ್ತೀಯಾ ಅಂದ್ರು.”

ನಾನು ನಕ್ಕೆ. ಅವನು ನಗಲಿಲ್ಲ. ತಿಂಗಳಿಗೆ ಬ್ಯಾಂಕಿನ ಕಂತು ಕಟ್ಟುವವನು ಅವನು. “ನೀವೇ ಒಂದು ಬರ್ಕೊಡಿ ಸಾರ್” ಎಂದ. ಆ ರಾತ್ರಿ ಕೂತು ಬರೆದೆ: ‘ಶ್ರೀ ಮಂಜುನಾಥ ಶುದ್ಧ ದೇಶೀಯ ಕಾಷ್ಠಗಾಣ ತೈಲೋತ್ಪನ್ನ ವಿಕ್ರಯ ಕೇಂದ್ರ’. ಬರೆದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಫ್ಲೆಕ್ಸಿನ ಅಂಗಡಿಗೆ ಇದನ್ನು ಕೊಟ್ಟಾಗ ಆ ಹುಡುಗ ಒಂದು ಮಾತೂ ಆಡದೆ ಬೆರಳಚ್ಚು ಮಾಡಿ ತೋರಿಸಿದ. ಪಕ್ಕದ ಬೆಂಚಿನ ಮೇಲೆ ಮುದುಕರೊಬ್ಬರು ಕೂತಿದ್ದರು. ಹುಡುಗನ ತಂದೆ, ನಲವತ್ತು ವರ್ಷ ತಗಡಿನ ಮೇಲೆ ಕುಂಚದಲ್ಲಿ ಬೋರ್ಡು ಬರೆದವರು. ಫ್ಲೆಕ್ಸು ಬಂದ ಮೇಲೆ ಕೈ ಖಾಲಿ. ಅವರು ಪರದೆಯನ್ನು ನೋಡಿ ಕೇಳಿದರು:

“ಮೇಷ್ಟ್ರೇ, ಇದನ್ನ ನಿಂತ್ಕೊಂಡು ಓದ್ಬೇಕೋ, ಹೋಗ್ತಾ ನೋಡ್ಬೇಕೋ?”

ನನಗೆ ಅರ್ಥವಾಗಲಿಲ್ಲ. ಅವರು ಲೆಕ್ಕ ಹೇಳಿದರು. ಹತ್ತಡಿ ದೂರಕ್ಕೆ ಒಂದಿಂಚು ಅಕ್ಷರ ಎಂಬುದು ಅವರ ಕಸುಬಿನ ಹಳೆಯ ಅಂದಾಜು. ನನ್ನ ಒಕ್ಕಣೆಯಲ್ಲಿ ಇಪ್ಪತ್ತಮೂರು ಅಕ್ಷರ, ಏಳು ಒತ್ತು. ಹನ್ನೆರಡಡಿಗೆ ಹರಡಿದರೆ ಒಂದೊಂದಕ್ಕೆ ಆರಿಂಚು. ಅಂದರೆ ಅರವತ್ತಡಿಯಿಂದ ಕಾಣಬೇಕು. ಗಂಟೆಗೆ ಮೂವತ್ತಾರು ಕಿಲೋಮೀಟರ್ ವೇಗದ ಸ್ಕೂಟರು ಸೆಕೆಂಡಿಗೆ ಹತ್ತು ಮೀಟರು ಓಡುತ್ತದೆ. ಅರವತ್ತಡಿ ದಾಟಲು ಎರಡು ಸೆಕೆಂಡೂ ಬೇಡ. ಅಷ್ಟರಲ್ಲಿ ‘ತೈಲೋತ್ಪನ್ನ’ವನ್ನು ಓದಿ ಮುಗಿಸುವ ಗಿರಾಕಿ ಯಾರು? (ಕಿಲೋಮೀಟರಿನ ಗುಣಾಕಾರ ನನ್ನದು. ಮುದುಕರು “ಗಾಡಿ ಭರ್ ಅಂತ ಹೋಗ್ಬಿಡ್ತದೆ” ಎಂದಷ್ಟೇ ಹೇಳಿದರು.)

“ನಿಮ್ಮ ಹುಡುಗ ಮಾರೋದೇನು?”

“ಗಾಣದ ಎಣ್ಣೆ.”

“ಅಷ್ಟೇ ಬರೀರಿ ಮತ್ತೆ.”

ಐದಕ್ಷರ. ಒಂದೇ ಒತ್ತು, ಅದೂ ಕೊನೆಯಲ್ಲಿ. ಇಪ್ಪತ್ತು ವರ್ಷ ‘ಸಂಗ್ರಹಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಅಂಕ ಹಾಕಿದವನಿಗೆ ಬೆಂಚಿನ ಮೇಲೆ ಕೂತ ಮುದುಕರು ಸಂಗ್ರಹ ಕಲಿಸಿದರು. ಬಣ್ಣ ಯಾವುದಿರಲಿ ಎಂದು ಕೇಳಿದೆ. ಹೊರಗೆ ನಿಂತಿದ್ದ ಟ್ಯಾಕ್ಸಿಯ ನಂಬರ್ ಪ್ಲೇಟನ್ನು ತೋರಿಸಿದರು: ಹಳದಿಯ ಮೇಲೆ ಕಪ್ಪು. ನೀಲಿಯ ಮೇಲೆ ಕೆಂಪು ಬರೆದರೆ ಅಂಚು ಕುಣಿದು ಕಣ್ಣು ಹರಿಯುತ್ತದಂತೆ. ಫೋಟೋ? “ಎಣ್ಣೆ ಅವನ ಮುಖದಿಂದ ಬರ್ತದಾ?” ಎಂದರು.

ಅವರ ಕೈಯಲ್ಲೇ ಬರೆಸಿದೆವು. ತಗಡಿಗೆ ಹಳದಿ ಬಳಿದು, ದಾರಕ್ಕೆ ಸೀಮೆಸುಣ್ಣ ತಿಕ್ಕಿ ಚಿಮ್ಮಿಸಿ ಗೆರೆ ಹಾಕಿದರು. ಮೊದಲ ಗೆರೆಯೇ ನನಗೆ ಪಾಠವಾಯಿತು: ಅವರು ಪಟ್ಟಿಯನ್ನು ಅರ್ಧಕ್ಕೆ ಸೀಳಲಿಲ್ಲ. ಒತ್ತಿಗೆಂದು ಕೆಳಗೆ ಎಷ್ಟು ಬಿಡಬೇಕೆಂಬುದನ್ನು ಮೊದಲು ಗುರುತಿಸಿ, ಉಳಿದದ್ದನ್ನೆಲ್ಲ ಅಕ್ಷರದ ಮೈಗೆ ಕೊಟ್ಟರು. ಣಕಾರದ ಒತ್ತನ್ನು ಚಿಕ್ಕದು ಮಾಡಿ ಬಲಗಡೆಯ ಖಾಲಿ ಮೂಲೆಗೆ ಸರಿಸಿದರು. ‘ವುಡ್ ಪ್ರೆಸ್ಡ್ ಆಯಿಲ್’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಕೆಳಗೆ ಇದೆ. ಇರಲಿ, ಕನ್ನಡ ಬಾರದವನಿಗೂ ಎಣ್ಣೆ ಬೇಕಲ್ಲ. ಕಾನೂನಿನ ಅರವತ್ತು ಭಾಗ ತಾನಾಗಿಯೇ ದಾಟಿತ್ತು, ಯಾರೂ ಅಳೆಯಲಿಲ್ಲ. ಫ್ಲೆಕ್ಸಿನ ಮೂರರಷ್ಟು ಖರ್ಚಾಯಿತೆಂಬುದನ್ನು ಮುಚ್ಚಿಡಲಾರೆ. ಆದರೆ ಫ್ಲೆಕ್ಸು ಬಿಸಿಲಿಗೆ ಬಿಳಿಚಿಕೊಳ್ಳುವ ಹೊತ್ತಿಗೆ ಈ ಬಣ್ಣ ಮಾಸಲು ಶುರುವಾಗಿರುವುದೂ ಇಲ್ಲವೆಂದು ಮುದುಕರ ಭರವಸೆ. ಒಂದು ಬೋರ್ಡಿನಿಂದ ನನ್ನ ಶಿಷ್ಯ ಸಾಹುಕಾರನಾದನೆಂದು ನಾನು ಹೇಳುವುದಿಲ್ಲ. ಮೊಬೈಲ್ ರಿಪೇರಿಗೆ ಬರುವವರು ನಿಂತರು, ಬಾಟಲಿ ಹಿಡಿದು ಬರುವವರು ಬರುತ್ತಿದ್ದಾರೆ.

ಇಂಗ್ಲಿಷ್ ಹೆಸರಿಟ್ಟರೇ ಗಿರಾಕಿ ಬರುವುದು, ಕನ್ನಡ ಅಕ್ಷರಕ್ಕೆ ಠೀವಿಯಿಲ್ಲ ಎನ್ನುವ ವರ್ತಕರಿಗೆ ನನ್ನ ಪ್ರಶ್ನೆ: ನೀವು ಕನ್ನಡವನ್ನು ಠೀವಿಯಿಂದ ಬರೆಸಿ ನೋಡಿದ್ದು ಯಾವಾಗ? ಇಂಗ್ಲಿಷಿಗೆ ಕಲಾವಿದನನ್ನು ಗೊತ್ತುಮಾಡಿ, ಕನ್ನಡಕ್ಕೆ ದಂಡದ ಹೆದರಿಕೆಯನ್ನಷ್ಟೇ ಗೊತ್ತುಮಾಡಿದರೆ ಅಕ್ಷರ ದಂಡ ತೆತ್ತಂತೆಯೇ ಕಾಣುತ್ತದೆ. ಹೋರಾಟಗಾರರಿಗೂ ಒಂದು ಮಾತು. ಬೋರ್ಡು ಒಡೆಯಲು ಹೋಗುವ ಬದಲು ಊರೂರಿನಲ್ಲಿ ಕೈ ಕಟ್ಟಿ ಕೂತಿರುವ ಈ ಮುದುಕರನ್ನು ಹುಡುಕಿ, ಫ್ಲೆಕ್ಸಿನ ಹುಡುಗರ ಪಕ್ಕದಲ್ಲಿ ಒಂದು ವಾರ ಕೂರಿಸಿದರೆ ಬೀದಿಯ ಕನ್ನಡ ಬೇರೆಯಾದೀತು. ಬಾಕಿ ಕೆಲಸ ನಮ್ಮದು, ಅಂದರೆ ಕನ್ನಡ ಮೇಷ್ಟ್ರುಗಳದು. ಮುದ್ರಣಕ್ಕೆ ಹೋಗುವ ಮುಂಚೆ ಒಕ್ಕಣೆಯ ಮೇಲೆ ಕಣ್ಣಾಡಿಸಿ ಹಾರ್ದಿಕದ ಹೊಟ್ಟೆ ಸೀಳದಂತೆ ನೋಡಿಕೊಳ್ಳುವುದಕ್ಕೆ ಸರಕಾರದ ಆದೇಶ ಬೇಕಿಲ್ಲ.

ಮುಂದಿನ ರಾಜ್ಯೋತ್ಸವಕ್ಕೆ ಬಟ್ಟೆಯ ಮೇಲೆ ಅದೇ ಮುದುಕರಿಂದ ಬರೆಸೋಣವೆಂದು ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟಿದ್ದೇನೆ. ‘ಕನ್ನಡ ರಾಜ್ಯೋತ್ಸವ’ ಎಂಬೆರಡೇ ಮಾತು, ಹಳದಿಯ ಮೇಲೆ ಕೆಂಪಿನಲ್ಲಿ. ಅವರು ಅರ್ಜಿಯನ್ನು ಎರಡು ಸಲ ಓದಿ, “ಆಡಳಿತ ಮಂಡಳಿಯವರ ಫೋಟೋಗಳು ಎಲ್ಲಿ ಬರುತ್ತವೆ?” ಎಂದು ಕೇಳಿದರು. ಇನ್ನೂ ಉತ್ತರ ಕೊಟ್ಟಿಲ್ಲ.