‘ಸಾರಿ’ಯಲ್ಲಿ ‘ನಾನು’ ಎಲ್ಲಿ?

ಹೋದ ತಿಂಗಳು ಒಂದು ಶುಕ್ರವಾರ ಸಂಜೆ, ಮನೆಗೆ ಹೊರಡೋ ಆತುರದಲ್ಲಿ, ಟೆಸ್ಟ್ ಸರ್ವರ್‌ನಲ್ಲಿ ಓಡಿಸಬೇಕಿದ್ದ ಸ್ಕ್ರಿಪ್ಟನ್ನು ಲೈವ್ ಸರ್ವರ್‌ನಲ್ಲಿ ಓಡಿಸಿಬಿಟ್ಟೆ. ಲಂಡನ್ನಿನ ಕ್ಲೈಂಟ್‌ಗೆ ಎರಡು ಗಂಟೆ ರಿಪೋರ್ಟ್‌ಗಳೇ ತೆರೆಯಲಿಲ್ಲ. ಎಲ್ಲ ಸರಿಮಾಡಿ, ಬೆವರು ಒರೆಸಿಕೊಂಡು ಮೇಲ್ ಬರೆದೆ: ‘ಸಾರಿ ಫಾರ್ ದಿ ಇನ್‌ಕನ್ವೀನಿಯನ್ಸ್ ಕಾಸ್ಡ್.’

ಕಳಿಸೋ ಮುಂಚೆ ಟೀಮ್ ಲೀಡ್ ಮೇಡಂಗೆ ತೋರಿಸಿದೆ.

"ಕಾಸ್ಡ್ ಅಂತ ಬರೆದಿದ್ದೀರಲ್ಲ, ಯಾರು ಮಾಡಿದ್ದು?"

"ನಾನೇ ಮೇಡಂ."

"ಮತ್ತೆ ಈ ಮೇಲ್‌ನಲ್ಲಿ ಆ ‘ನಾನು’ ಎಲ್ಲಿ?"

ರೈಲು ತಡವಾದಾಗ ಸ್ಟೇಷನ್‌ನಲ್ಲಿ ಕೇಳಿಸುತ್ತಲ್ಲ, ‘ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್’ ಅಂತ, ನನ್ನದೂ ಅದೇ ಜಾತಿಯ ವಾಕ್ಯ. ಅದರಲ್ಲಿ ವಿಷಾದ ಇದೆ, ವಿಷಾದ ಪಡುವವರು ಇಲ್ಲ. ಇಷ್ಟು ವರ್ಷ ಇದನ್ನೇ ವಿನಯದ ಇಂಗ್ಲಿಷ್ ಅಂದುಕೊಂಡಿದ್ದೆ.

ಮೇಡಂ ಹೇಳಿದ ಲೆಕ್ಕ ಸುಲಭ. ನಾನು ಏನು ಮಾಡಿದೆ, ಅದರಿಂದ ನಿಮಗೇನಾಯ್ತು, ಈಗ ಏನು ಸರಿಮಾಡಿದ್ದೀನಿ, ಮುಂದೆ ಹೀಗಾಗದ ಹಾಗೆ ಏನು ಮಾಡ್ತೀನಿ. ಅಷ್ಟೇ. ಮತ್ತೆ ಬರೆದೆ: ‘ಐ ಆಮ್ ಸಾರಿ. ಐ ರ್‍ಯಾನ್ ದಿ ರಾಂಗ್ ಸ್ಕ್ರಿಪ್ಟ್, ಅಂಡ್ ಯುವರ್ ರಿಪೋರ್ಟ್ಸ್ ವರ್ ಡೌನ್ ಫಾರ್ ಟೂ ಅವರ್ಸ್.’ ಕೆಳಗೆ, ರಿಪೋರ್ಟ್‌ಗಳು ಈಗ ತೆರೆಯುತ್ತಿವೆ, ಇನ್ನು ಮುಂದೆ ಲೈವ್‌ನಲ್ಲಿ ಏನೇ ಓಡಿಸಿದರೂ ಇನ್ನೊಬ್ಬರು ನೋಡಿದ ಮೇಲೇ ಅಂತ ಸೇರಿಸಿದೆ.

ಪ್ರತಿಯೊಂದಕ್ಕೂ ಇಷ್ಟುದ್ದ ಬೇಡ. ಉತ್ತರ ತಡವಾದರೆ ‘ಸಾರಿ ಫಾರ್ ದಿ ಲೇಟ್ ರಿಪ್ಲೈ’ ಸಾಕು. ಕೆಲಸದಲ್ಲಿರೋರನ್ನು ತಡೆದು ಕೇಳುವಾಗ ‘ಸಾರಿ ಟು ಬಾದರ್ ಯೂ’. ಕಚೇರಿಯ ಗಂಭೀರ ಪತ್ರಕ್ಕೆ ‘ಐ ಅಪಾಲಜೈಸ್ ಫಾರ್’ ಅಂತ ಶುರುಮಾಡಿ, ಯಾವುದಕ್ಕೆ ಅನ್ನೋದನ್ನು ಹೇಳಿ. ‘ಮೈ ಬ್ಯಾಡ್’ ಗೆಳೆಯರ ಮಧ್ಯೆ ಇರಲಿ, ಕ್ಲೈಂಟ್‌ಗೆ ಬೇಡ. ಲಿಫ್ಟ್‌ನಲ್ಲಿ ದಾರಿ ಕೇಳಲು ‘ಎಕ್ಸ್‌ಕ್ಯೂಸ್ ಮಿ’, ಕಾಲು ತುಳಿದ ಮೇಲೆ ‘ಸಾರಿ’. ಸಾವಿನ ಸುದ್ದಿಗೆ ‘ಐ ಆಮ್ ಸಾರಿ’ ಅಂದರೆ ಅದು ತಪ್ಪೊಪ್ಪಿಗೆ ಅಲ್ಲ, ಸಂತಾಪ. ಹಳೆಯ ಇಂಗ್ಲಿಷಿನಲ್ಲಿ ಈ ಪದ ಹುಟ್ಟಿದ್ದೇ ನೋವು ಅನ್ನೋ ಅರ್ಥದ ಮಾತಿನಿಂದ.

ಎರಡು ಪದಗಳ ಬಗ್ಗೆ ಮಾತ್ರ ಹುಷಾರು: ‘ಬಟ್’ ಮತ್ತು ‘ಇಫ್’. ‘ಸಾರಿ, ಬಟ್ ಐ ವಾಸ್ ಬಿಸಿ’ ಅಂದರೆ ಬಟ್ ಹಿಂದಿನ ಸಾರಿ ಅಳಿಸಿಹೋಯ್ತು. ‘ಸಾರಿ ಇಫ್ ಯೂ ಫೆಲ್ಟ್ ಬ್ಯಾಡ್’ ಅಂದರೆ ಬೇಜಾರಾಗಿದ್ದು ಅವರದೇ ತಪ್ಪು ಅಂದಹಾಗೆ.

ಇದನ್ನೆಲ್ಲ ಕಲಿತು ರಾತ್ರಿ ಮನೆಗೆ ಬಂದಾಗ ಅಪ್ಪ ನೆನಪಾದರು. ಹಾಸನದಲ್ಲಿ ಅವರ ಕಣ್ಣಿನ ಪೊರೆ ಆಪರೇಷನ್ ದಿನ ಬರ್ತೀನಿ ಅಂದಿದ್ದೆ, ಹೋಗಲಿಲ್ಲ. "ಸಾರಿ ಅಪ್ಪಾ, ಆದ್ರೆ ಆಫೀಸಲ್ಲಿ ರಿಲೀಸ್ ಇತ್ತು" ಅಂದಿದ್ದೆ. ಅವರು "ಪರವಾಗಿಲ್ಲ ಬಿಡು" ಅಂದಿದ್ದರು. ನಾನೂ ಅಲ್ಲಿಗೇ ಬಿಟ್ಟಿದ್ದೆ. ಲಂಡನ್ನಿನವರಿಗೆ ನಾಲ್ಕು ಸಲ ತಿದ್ದಿ ಬರೆದವನು ಅಪ್ಪನ ಹತ್ರ ‘ಬಟ್’ ಅನ್ನೇ ಕನ್ನಡದಲ್ಲಿ ಹೇಳಿ ಮುಗಿಸಿದ್ದೆ.

ಫೋನ್ ಮಾಡಿದೆ.

"ಅಪ್ಪಾ, ಅವತ್ತು ಬರ್ತೀನಿ ಅಂದು ಬರಲಿಲ್ಲ. ನಂದೇ ತಪ್ಪು. ನೀವು ಪಕ್ಕದ ಮನೆಯವರನ್ನ ಕೇಳ್ಕೊಂಡು ಆಸ್ಪತ್ರೆಗೆ ಹೋಗ್ಬೇಕಾಯ್ತು. ಇನ್ನೊಂದು ಕಣ್ಣಿನ ಆಪರೇಷನ್‌ಗೆ ರಜೆ ಹಾಕಿದ್ದೀನಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಈ ಸಲ ಅವರು ‘ಪರವಾಗಿಲ್ಲ’ ಅನ್ನಲಿಲ್ಲ.

"ಬಸ್ಸಿಗೆ ಬರ್ತೀಯೋ, ರೈಲಿಗೋ?" ಅಂದರು.